ಹೊಲದಲ್ಲಿ ರೈತರೇ ಮಾಡುವ ಪ್ರಯೋಗ ಪುರಾವೆಯಾಗಿ ನಿಲ್ಲಬೇಕಾದರೆ ಏನು ಬೇಕು?

ಹಸಿರುಬದು (ಪ್ರಶ್ನೆ)

ಎಂಟು ರೈತರ ಗುಂಪೊಂದು ಮಳೆಯಾಶ್ರಿತ ಮೆಕ್ಕೆಜೋಳದಲ್ಲಿ ಹುದುಗಿಸಿದ ದ್ರವಗೊಬ್ಬರವನ್ನು ಪರೀಕ್ಷಿಸಲು ಹೊರಟಿದೆ. ಎಕರೆಗೆ 200 ಲೀಟರ್ ನೀರು, ಅದರಲ್ಲಿ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಕಾಕಂಬಿ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು. ಬಿತ್ತಿದ 20ನೇ ದಿನಕ್ಕೊಮ್ಮೆ, 40ನೇ ದಿನಕ್ಕೊಮ್ಮೆ ಕೊಡುವುದು ಅಂತ ಇದೆ. ಹೊಲವನ್ನು ಎರಡು ಭಾಗ ಮಾಡಿ ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟು ಕೊನೆಗೆ ತೂಕ ನೋಡೋಣ ಎಂಬುದು ಸದ್ಯದ ಯೋಜನೆ. ಹಾಗೆ ಮಾಡಿದರೆ ಅದು ಬರೀ ಅನಿಸಿಕೆ, ಪುರಾವೆ ಆಗುವುದಿಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ.

ನನಗಿರುವ ಅನುಮಾನ ಎರಡು. ಅರ್ಧರ್ಧ ಮಾಡುವುದರಲ್ಲಿ ನಿಜವಾಗಿ ತಪ್ಪೇನು, ಅದಕ್ಕೆ ಬದಲು ಹೇಗೆ ಮಾಡಬೇಕು? ಎರಡನೆಯದು, ಇಷ್ಟೆಲ್ಲ ಕಟ್ಟುನಿಟ್ಟು ಬೇಕೆಂದರೆ ಆ ಕೆಲಸವನ್ನು ಸಂಶೋಧನಾ ಕೇಂದ್ರಕ್ಕೇ ಬಿಡಬಹುದಲ್ಲ, ರೈತರೇ ಮಾಡುವುದರಿಂದ ಹೆಚ್ಚಿಗೆ ಸಿಗುವುದೇನು?

ನೇಗಿಲಗೆರೆ

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡನೆಯದಕ್ಕೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಯಾವ ಹೊಲದ ಎರಡು ಅರ್ಧಗಳೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಮಣ್ಣು ಅರ್ಧ ಅಡಿ ಆಳ ಹೆಚ್ಚಿರುತ್ತದೆ, ಇನ್ನೊಂದು ಕಡೆ ಹಳೆಯ ತಿಪ್ಪೆಯ ಜಾಗ ಇರುತ್ತದೆ. ಏನನ್ನೂ ಕೊಡದೆ ಎರಡೂ ಅರ್ಧಗಳನ್ನು ತೂಗಿದರೂ ನೂರಕ್ಕೆ ಐದು, ಹತ್ತು ವ್ಯತ್ಯಾಸ ಬರುವುದು ಸಾಮಾನ್ಯ. ಹಾಗಾಗಿ ಕೊಟ್ಟ ಕಡೆ ಹತ್ತು ಪರ್ಸೆಂಟ್ ಹೆಚ್ಚು ಬಂದರೆ ಅದು ಗೊಬ್ಬರದ್ದೋ ಮಣ್ಣಿನದ್ದೋ ಹೇಳಲು ದಾರಿಯೇ ಇಲ್ಲ. ಒಂದೇ ಒಂದು ಹೋಲಿಕೆಯನ್ನು ಎಷ್ಟು ಜಾಗ್ರತೆಯಿಂದ ತೂಗಿದರೂ ಈ ಅನುಮಾನ ಕಳೆಯುವುದಿಲ್ಲ.

ಪರಿಹಾರ ಸುಲಭ: ಹೊಲವನ್ನು ಪಟ್ಟಿಗಳಾಗಿ ಮಾಡಿ, ಪಕ್ಕಪಕ್ಕದ ಎರಡೆರಡು ಪಟ್ಟಿಗಳನ್ನು ಒಂದು ಜೋಡಿ ಎಂದು ಹಿಡಿಯಿರಿ. ಅಮೆರಿಕದ ಅಯೋವಾದಲ್ಲಿ 1985ರಲ್ಲಿ ಶುರುವಾದ ಪ್ರಾಕ್ಟಿಕಲ್ ಫಾರ್ಮರ್ಸ್ ಆಫ್ ಅಯೋವಾ ಎಂಬ ರೈತರ ಸಂಘ ಬಳಕೆಗೆ ತಂದದ್ದು ಇದೇ ಪದ್ಧತಿಯನ್ನು. ಆರು ಜೋಡಿ ಅವರ ರೂಢಿ. ನಾಲ್ಕಕ್ಕಿಂತ ಕಡಿಮೆ ಮಾಡಿದರೆ ಶ್ರಮ ದಂಡ.

ಮೆಕ್ಕೆಜೋಳಕ್ಕೆ ಅಳತೆ ಹೀಗೆ ಇಟ್ಟುಕೊಳ್ಳಬಹುದು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಒಂದು ಪಟ್ಟಿಗೆ 8 ಸಾಲು, ಅಂದರೆ 4.8 ಮೀಟರ್ ಅಗಲ. ಉದ್ದ 40 ಮೀಟರ್. 12 ಪಟ್ಟಿಗೆ ಒಟ್ಟು ಅರ್ಧ ಎಕರೆಗಿಂತ ಸ್ವಲ್ಪ ಹೆಚ್ಚು ಜಾಗ ಸಾಕು. ತೂಕಕ್ಕೆ ಮಾತ್ರ ನಡುವಿನ 4 ಸಾಲು ಕೊಯ್ಯಬೇಕು. ಆಚೆ ಎರಡು, ಈಚೆ ಎರಡು ಸಾಲು ಅಂಚು. ಪಕ್ಕದ ಪಟ್ಟಿಯ ಗೊಬ್ಬರಕ್ಕೆ ಬೇರು ಚಾಚಿರುತ್ತದೆ, ಆದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ತೂಗುವ ಜಾಗ ಪಟ್ಟಿಗೆ 96 ಚದರ ಮೀಟರ್ ಆಗುತ್ತದೆ.

ಪ್ರತಿ ಜೋಡಿಯಲ್ಲೂ ಯಾವ ಪಟ್ಟಿಗೆ ಗೊಬ್ಬರ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. "ಎಡಕ್ಕೆ ಕೊಡೋಣ, ಬಲಕ್ಕೆ ಬಿಡೋಣ" ಎಂದು ಎಲ್ಲ ಜೋಡಿಗೂ ಒಂದೇ ಕ್ರಮ ಹಿಡಿದರೆ, ಮಣ್ಣು ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತೆಳುವಾಗುತ್ತಾ ಹೋದಾಗ ಆ ಲಾಭವೆಲ್ಲ ಎಡದ ಪಟ್ಟಿಗಳಿಗೇ ಸಿಗುತ್ತದೆ. ನಾಣ್ಯ ಮೂರು ಸಲ ಒಂದೇ ಮಗ್ಗುಲಿಗೆ ಬಿತ್ತೆಂದು ಮತ್ತೆ ಚಿಮ್ಮಬೇಡಿ.

ಇಳಿಜಾರಿನ ಹೊಲವಾದರೆ ಪಟ್ಟಿಯ ದಿಕ್ಕು ಮುಖ್ಯ. ಇಳಿಜಾರಿನ ಉದ್ದಕ್ಕೂ ಹರಿದ ಪಟ್ಟಿಯಲ್ಲಿ ಮೇಲಿನ ತೆಳು ಮಣ್ಣು, ಕೆಳಗಿನ ಆಳ ಮಣ್ಣು ಎರಡೂ ಸೇರುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ. ಆದರೆ ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತುವ ಹೊಲದಲ್ಲಿ ಪ್ರಯೋಗಕ್ಕೋಸ್ಕರ ಮಣ್ಣು ಕೊಚ್ಚಿಹೋಗಲು ಬಿಡುವುದು ತಪ್ಪು. ಅಲ್ಲಿ ಅಡ್ಡ ಪಟ್ಟಿಗಳೇ ಇರಲಿ. ಮೇಲಿನ ಪಟ್ಟಿಗೆ ಕೊಟ್ಟದ್ದು ಮಳೆನೀರಿನ ಜೊತೆ ಕೆಳಗಿನದಕ್ಕೆ ಇಳಿಯುತ್ತದೆ, ಅದಕ್ಕೆ ನಡುವೆ ನಾಲ್ಕು ಸಾಲಿನ ಕಾವಲು ಪಟ್ಟಿ ಬಿಡಿ.

ಹಳೆಯ ತಿಪ್ಪೆ, ಒಡೆದ ಬದು, ಮರದ ನೆರಳು ಇರುವ ಜಾಗಗಳನ್ನು ಪಟ್ಟಿ ಎಳೆಯುವ ಮೊದಲೇ ಹೊರಗಿಡಬೇಕು. ಮರ ಎಷ್ಟು ಎತ್ತರವೋ ಅಷ್ಟು ದೂರ ಬಿಟ್ಟರೆ ಬೇರಿನ ಕಾಟವೂ ತಪ್ಪುತ್ತದೆ. ಫಲಿತಾಂಶ ನೋಡಿದ ಮೇಲೆ "ಆ ಪಟ್ಟಿ ಸರಿಯಿರಲಿಲ್ಲ" ಎಂದು ತೆಗೆದುಹಾಕುವುದಕ್ಕೆ ಅವಕಾಶವಿಲ್ಲ. ಇಡೀ ಪ್ರಯೋಗವನ್ನು ಹಾಳುಗೆಡಹುವುದು ಹೆಚ್ಚಾಗಿ ಇದೇ.

ಮಣ್ಣುಲೆಕ್ಕ

ಹೋಲಿಕೆ ಪಟ್ಟಿಗೆ "ಏನೂ ಕೊಡದೆ ಬಿಡುವುದು" ಎಂದು ಬರೆದಿದ್ದೀರಿ. ಅದನ್ನು ಬದಲಿಸಿ, ಅಷ್ಟೇ ನೀರು ಕೊಡಿ. ಎಕರೆಗೆ 200 ಲೀಟರ್ ಎಂದರೆ ಮೇಲೆ ಹೇಳಿದ ಅಳತೆಯ ಒಂದು ಪಟ್ಟಿಗೆ ಸುಮಾರು 9.5 ಲೀಟರ್. ಇಡೀ ನೆಲಕ್ಕೆ ಹರಡಿದರೆ ಅದು 0.05 ಮಿ.ಮೀ. ಮಳೆಗೆ ಸಮ, ಮಣ್ಣು ನೆನೆಯುವುದಕ್ಕೂ ಸಾಲದು. ಆದರೆ ಗಿಡದ ಬುಡಕ್ಕೇ ಹಾಕುವಾಗ ಸ್ವಲ್ಪ ನೀರೂ ಲೆಕ್ಕಕ್ಕೆ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಎರಡೂ ಪಟ್ಟಿಗೆ ಒಂದೇ ದಿನ, ಒಂದೇ ಸಲ ಆಳು ನಡೆದಿರಬೇಕು. ಗೊಬ್ಬರ ಕೊಡಲು ಹೋದವರು ದಾರಿಯಲ್ಲಿ ಕಂಡ ಕಳೆ ಕೀಳುತ್ತಾರೆ, ಬಿದ್ದ ಗಿಡ ನೆಟ್ಟಗೆ ಮಾಡುತ್ತಾರೆ. ಹೋಲಿಕೆ ಪಟ್ಟಿಗೆ ಯಾರೂ ಕಾಲಿಡದಿದ್ದರೆ ಆ ಆರೈಕೆಯನ್ನೂ ಗೊಬ್ಬರದ ಗುಣವೆಂದೇ ಎಣಿಸಿದಂತಾಗುತ್ತದೆ. ಬಕೆಟ್ ಒಂದೇ ಆದರೆ ಮೊದಲು ನೀರಿನ ಪಟ್ಟಿಗಳನ್ನೆಲ್ಲ ಮುಗಿಸಿ, ಆಮೇಲೆ ಗೊಬ್ಬರಕ್ಕೆ ಬನ್ನಿ.

ಈ ದ್ರವದಲ್ಲಿ ಎಷ್ಟು ಸಾರಜನಕ ಇದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಹಸಿ ಸಗಣಿ 10 ಕೆಜಿಯಲ್ಲಿ 30ರಿಂದ 50 ಗ್ರಾಂ, ಗಂಜಲ 10 ಲೀಟರಿನಲ್ಲಿ ಹೆಚ್ಚೆಂದರೆ 100 ಗ್ರಾಂ, ಹಿಟ್ಟಿನಲ್ಲಿ 60–70 ಗ್ರಾಂ. ಎಲ್ಲ ಸೇರಿ ಎಕರೆಗೆ ಒಂದು ಸಲಕ್ಕೆ ಸುಮಾರು 200 ಗ್ರಾಂ. ಎಕರೆಗೆ 1.6 ಟನ್ ಕಾಳು ಕೊಡುವ ಮೆಕ್ಕೆಜೋಳ ಹೀರಿಕೊಳ್ಳುವುದು 30–40 ಕೆಜಿ. ಅಂದಮೇಲೆ ಇದನ್ನು ಸಾರಜನಕದ ಮೂಲ ಎಂದು ನೋಡುವಂತಿಲ್ಲ. ಪರಿಣಾಮ ಕಂಡರೆ ಅದು ಸೂಕ್ಷ್ಮಜೀವಿಗಳಿಂದಲೋ ಬೇರಿನ ಮೇಲಿನ ಪ್ರಭಾವದಿಂದಲೋ ಬಂದಿರಬೇಕು. ಹುದುಗಿಸಿದ್ದರಿಂದಲೇ ಬಂತೇ ಎಂದು ತಿಳಿಯಲು ಅದೇ ಪದಾರ್ಥಗಳನ್ನು ಹುದುಗಿಸದೆ ಆಗಷ್ಟೇ ಕಲಸಿ ಕೊಡುವ ಮೂರನೇ ಪಟ್ಟಿ ಬೇಕಾಗುತ್ತದೆ. ಮೊದಲ ವರ್ಷ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಇಳುವರಿಯಲ್ಲಿ ವ್ಯತ್ಯಾಸ ಇದೆಯೇ ಇಲ್ಲವೇ ಎಂಬುದೇ ಗೊತ್ತಿಲ್ಲದಿರುವಾಗ ಕಾರಣ ಹುಡುಕಲು ಹೊರಟರೆ ಜೋಡಿಗಳ ಸಂಖ್ಯೆ ಕಡಿಮೆಯಾಗಿ ಎರಡೂ ಕೈ ತಪ್ಪುತ್ತವೆ.

ತೂಕದಲ್ಲಿ ಜನ ಮೋಸಹೋಗುವುದು ತೇವಾಂಶದಿಂದ. ಆರೈಕೆ ಸಿಕ್ಕ ಬೆಳೆ ಹೆಚ್ಚು ದಿನ ಹಸಿರಾಗಿರುತ್ತದೆ, ಕೊಯ್ಯುವಾಗ ಕಾಳು ಹೆಚ್ಚು ಹಸಿ ಇರುತ್ತದೆ. ಒಂದು ಪಟ್ಟಿಯಲ್ಲಿ 18 ಪರ್ಸೆಂಟ್ ತೇವಾಂಶದ ಕಾಳು 50 ಕೆಜಿ, ಇನ್ನೊಂದರಲ್ಲಿ 14 ಪರ್ಸೆಂಟಿನದು 48 ಕೆಜಿ ಬಂತು ಅನ್ನಿ. ಮೊದಲನೆಯದನ್ನು 14ಕ್ಕೆ ತಂದರೆ 50 × 82 ÷ 86, ಅಂದರೆ 47.7 ಕೆಜಿ. ಗೆದ್ದದ್ದು ಎಂದುಕೊಂಡ ಪಟ್ಟಿಯೇ ಹಿಂದೆ ಬಿತ್ತು. ತೇವಾಂಶ ಮಾಪಕ ಇಲ್ಲದಿದ್ದರೆ ಪ್ರತಿ ಪಟ್ಟಿಯ ಕಾಳನ್ನು ಚೆನ್ನಾಗಿ ಕಲಸಿ ಒಂದು ಕೆಜಿ ಮಾದರಿ ತೆಗೆದು, ಎಲ್ಲವನ್ನೂ ಒಂದೇ ಜಾಗದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಉಳಿದ ತೂಕದ ಪ್ರಮಾಣದಲ್ಲಿ ಲೆಕ್ಕ ಮಾಡಿದರೂ ನಡೆಯುತ್ತದೆ. ಚೀಲಗಳ ಮೇಲೆ ಪಟ್ಟಿಯ ಸಂಖ್ಯೆ ಮಾತ್ರ ಇರಲಿ. ತೂಗುವವರಿಗೆ ಯಾವುದು ಗೊಬ್ಬರದ್ದು, ಯಾವುದು ನೀರಿನದ್ದು ಎಂದು ಗೊತ್ತಾಗಬಾರದು.

ಮಣ್ಣು ಸುಧಾರಿಸಿತೇ ಎಂದು ಒಂದೇ ವರ್ಷದ ಪ್ರಯೋಗಾಲಯದ ವರದಿ ನೋಡಿ ಹೇಳಬೇಡಿ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 1,950 ಟನ್ ತೂಗುತ್ತದೆ. ಒಣ ತೂಕದ 5 ಟನ್ ಕಾಂಪೋಸ್ಟ್ ಹಾಕಿದಿರಿ, ಅದರಲ್ಲಿ ಇಂಗಾಲ ಕಾಲು ಭಾಗ, 1.25 ಟನ್. ಒಂದು ಕಣವೂ ಕೊಳೆಯದೆ ಉಳಿಯಿತು ಎಂದುಕೊಂಡರೂ ಸಾವಯವ ಇಂಗಾಲ 0.50 ಪರ್ಸೆಂಟ್ ಇದ್ದದ್ದು 0.56 ಆದೀತು. ವರದಿಯಲ್ಲಿ 0.80 ಎಂದು ಬಂದರೆ ಅದು ಮಾದರಿ ತೆಗೆದ ಜಾಗದ, ಆಳದ, ಇಲ್ಲವೇ ಪ್ರಯೋಗಾಲಯದ ವ್ಯತ್ಯಾಸ. ಪಟ್ಟಿಯಲ್ಲಿ ಅಂಕುಡೊಂಕಾಗಿ ನಡೆದು 8–10 ಕಡೆ ಒಂದೇ ಆಳಕ್ಕೆ ಮಣ್ಣು ತೆಗೆದು ಕಲಸಿ ಅರ್ಧ ಕೆಜಿ ಕಳಿಸಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಪ್ರಯೋಗಾಲಯ. ಪಟ್ಟಿಗಳು ಮೂರು ವರ್ಷವಾದರೂ ಅದಲುಬದಲಾಗದೆ ಅದೇ ಜಾಗದಲ್ಲಿ ಇರಬೇಕು. ಗೂಟ ಉಳುಮೆಯಲ್ಲಿ ಕಿತ್ತುಹೋಗುತ್ತದೆ, ಅದಕ್ಕೆ ಬದುವಿನ ಎರಡು ಗುರುತುಕಲ್ಲುಗಳಿಂದ ಟೇಪು ಹಿಡಿದು ದೂರ ಬರೆದಿಡಿ.

ಬೇಗ ಬದಲಾಗುವ ಗುಣ ಬೇಕಿದ್ದರೆ ನೀರು ಇಂಗುವ ವೇಗ ಅಳೆಯಿರಿ. 15 ಸೆಂ.ಮೀ. ವ್ಯಾಸದ ಪೈಪಿನ ತುಂಡನ್ನು 7–8 ಸೆಂ.ಮೀ. ಆಳಕ್ಕೆ ಬಡಿದು, ಒಳಗೆ 440 ಮಿ.ಲೀ. ನೀರು ಹಾಕಿ. ಅದು 2.5 ಸೆಂ.ಮೀ. ನಿಂತ ನೀರಿಗೆ ಸಮ. ಅದು ಪೂರ್ತಿ ಇಂಗಿದ ಮೇಲೆ ಅಷ್ಟೇ ನೀರನ್ನು ಇನ್ನೊಮ್ಮೆ ಹಾಕಿ, ಎರಡನೇ ಸಲದ ಸಮಯವನ್ನು ಬರೆದುಕೊಳ್ಳಿ. ಮೊದಲ ಸಲದ್ದು ಆ ದಿನ ಮಣ್ಣು ಎಷ್ಟು ಒಣಗಿತ್ತು ಎಂಬುದನ್ನೇ ಹೆಚ್ಚಾಗಿ ಹೇಳುತ್ತದೆ. ಪಟ್ಟಿಗೆ ಮೂರು ಕಡೆಯಾದರೂ ಮಾಡಬೇಕು, ಚಕ್ರ ಹೋದ ಜಾಗ ಬಿಟ್ಟು.

ಜೇಡರಬಲೆ

ಎರಡನೇ ಪ್ರಶ್ನೆಗೆ ಬರುತ್ತೇನೆ, ಜೊತೆಗೆ ಮೇಲಿನವರು ಹೇಳಿದ್ದಕ್ಕೆ ಒಂದು ಮಿತಿಯನ್ನೂ ಹಾಕಬೇಕಿದೆ.

ಸಂಶೋಧನಾ ಕೇಂದ್ರದ ಪ್ರಯೋಗ ಸಾಮಾನ್ಯವಾಗಿ ಸಮತಟ್ಟು ನೆಲದಲ್ಲಿ, ಹೊತ್ತಿಗೆ ಸರಿಯಾಗಿ ಕಳೆ ತೆಗೆದು, ಬೇಕಾದಾಗ ನೀರು ಕೊಟ್ಟು ನಡೆಯುತ್ತದೆ. ಒಂದು ವಿಷಯವನ್ನು ಬೇರ್ಪಡಿಸಿ ನೋಡಲು ಅದು ಬೇಕೂ ಹೌದು. ಆದರೆ ಪರಿಸರಸ್ನೇಹಿ ಕೃಷಿಯಲ್ಲಿ ಕೊರತೆ ತುಂಬಲು ಹೊರಗಿನ ಗೊಬ್ಬರದ ಚೀಲ ಇಲ್ಲ. ಹೊದಿಕೆ, ಅಂತರಬೆಳೆ, ಜಾನುವಾರು, ಕಳೆ ತೆಗೆಯುವ ಹೊತ್ತು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಳೆ ತೆಗೆಯುವುದು ಹತ್ತು ದಿನ ತಡವಾದ ಹೊಲದಲ್ಲೂ ಈ ಪದ್ಧತಿ ನಡೆಯುತ್ತದೆಯೇ ಎಂಬುದು ರೈತರಿಗೆ ನಿಜವಾಗಿ ಬೇಕಾದ ಉತ್ತರ, ಅದು ಆ ಹೊಲದಲ್ಲೇ ಸಿಗಬೇಕು. 1990ರ ದಶಕದಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕೃಷಿ ವಿಜ್ಞಾನಿ ಸಿಗ್ಲಿಂಡ್ ಸ್ನ್ಯಾಪ್ ರೂಪಿಸಿದ "ತಾಯಿ-ಮಗು" ಪ್ರಯೋಗ ಇದಕ್ಕೆ ಒಳ್ಳೆಯ ದಾರಿ. ಎಲ್ಲ ಪದ್ಧತಿಗಳನ್ನೂ ಹೋಲಿಸುವ ದೊಡ್ಡ ತಾಯಿ ಪ್ರಯೋಗ ನಡುವೆ ಒಂದು ಕಡೆ, ಅದರಿಂದ ತಮಗೆ ಹಿಡಿಸಿದ ಎರಡು ಮೂರನ್ನು ಮಾತ್ರ ತಮ್ಮದೇ ರೀತಿಯ ಆರೈಕೆಯಲ್ಲಿ ಪರೀಕ್ಷಿಸುವ ಚಿಕ್ಕ ಮಗು ತಾಕುಗಳು ರೈತರ ಹೊಲಗಳಲ್ಲಿ. ತಾಯಿಯಿಂದ ನಿಖರತೆ, ಮಕ್ಕಳಿಂದ ವೈವಿಧ್ಯ.

ಇನ್ನೊಂದು ಲಾಭ, ಪ್ರಯೋಗ ಮಾಡಿದವರ ಕಣ್ಣೇ ಬದಲಾಗುವುದು. ಇಂಡೋನೇಷ್ಯಾದಲ್ಲಿ ಕಂದು ಜಿಗಿಹುಳು ಭತ್ತವನ್ನು ತಿಂದುಹಾಕುತ್ತಿದ್ದಾಗ, ಸಿಂಪಡಣೆ ಜೇಡಗಳನ್ನು ಕೊಂದು ಹುಳವನ್ನು ಹೆಚ್ಚಿಸುತ್ತಿದೆ ಎಂದು ತಿಳಿದು 1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು. ಆದರೆ ರೈತರು ಅದನ್ನು ನಂಬಲು ಆಜ್ಞೆ ಸಾಲಲಿಲ್ಲ. 1989ರಿಂದ ಶುರುವಾದ ರೈತರ ಕ್ಷೇತ್ರ ಪಾಠಶಾಲೆಗಳಲ್ಲಿ ಅವರೇ ಒಂದು ಗಿಡಕ್ಕೆ ಬಲೆ ಕಟ್ಟಿ, ಒಳಗೆ ಎಣಿಸಿದಷ್ಟು ಜಿಗಿಹುಳು ಮತ್ತು ಒಂದು ಜೇಡ ಬಿಟ್ಟು, ದಿನಾ ಎಷ್ಟು ಉಳಿದವು ಎಂದು ಎಣಿಸಿದರು. ಎಳೆಯ ಪೈರಿನ ಎಲೆಗಳನ್ನು ಕತ್ತರಿಯಿಂದ ಕಾಲು ಭಾಗ, ಅರ್ಧ ಭಾಗ ಕತ್ತರಿಸಿ, ಕೊನೆಗೆ ಕಾಳು ಎಷ್ಟು ಕಡಿಮೆಯಾಯಿತು ಎಂದು ನೋಡಿದರು. ಎಳೆವಯಸ್ಸಿನಲ್ಲಿ ಎಲೆ ಹೋದರೆ ಪೈರು ಚಿಗುರಿ ತುಂಬಿಕೊಳ್ಳುತ್ತದೆ ಎಂದು ಕಣ್ಣಾರೆ ಕಂಡವರಿಗೆ ತೂತು ಬಿದ್ದ ಎಲೆ ನೋಡಿದ ಕೂಡಲೇ ಔಷಧಿ ಡಬ್ಬ ನೆನಪಾಗುವುದಿಲ್ಲ.

ಈಗ ಮಿತಿ. ಪಟ್ಟಿ ಪ್ರಯೋಗ ಮಣ್ಣಿಗೆ ಹಾಕುವ ವಸ್ತುಗಳಿಗೆ ಸರಿ, ಹಾರುವ ಜೀವಿಗಳಿಗೆ ಅಲ್ಲ. 4.8 ಮೀಟರ್ ಪಟ್ಟಿಯಲ್ಲಿ ಟ್ರೈಕೋಗ್ರಾಮ ಕಣಜ (ಪೀಡೆ ಹುಳುಗಳ ಮೊಟ್ಟೆಯೊಳಗೆ ಮೊಟ್ಟೆಯಿಟ್ಟು ಅವನ್ನು ನಾಶಮಾಡುವ ಪುಟ್ಟ ಕೀಟ) ಬಿಟ್ಟರೆ ಅದು ಪಕ್ಕದ ಹೋಲಿಕೆ ಪಟ್ಟಿಗೂ ಹೋಗುತ್ತದೆ, ಎರಡರಲ್ಲೂ ಹುಳು ಕಡಿಮೆಯಾಗಿ "ವ್ಯತ್ಯಾಸವಿಲ್ಲ" ಎಂಬ ತಪ್ಪು ಉತ್ತರ ಸಿಗುತ್ತದೆ. ಹೂಬಿಡುವ ಅಂಚಿನ ಬೆಳೆ, ಪಕ್ಷಿಗಳಿಗೆ ಕೂರಲು ಕೊಂಬೆ ನೆಡುವುದು, ವಾಸನೆಯಿಂದ ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳೂ ಹೀಗೆಯೇ. ಇವಕ್ಕೆ ಒಂದೊಂದು ಇಡೀ ಹೊಲವೇ ಒಂದು ತಾಕು, ಹಾಗಾಗಿ ಹಲವು ರೈತರು ಸೇರಲೇಬೇಕು. ಆದರೆ ಸೈನಿಕ ಹುಳುವಿಗೆ ಸುಳಿಯೊಳಗೆ ಮರಳು ಹಾಕುವಂಥದ್ದನ್ನು ಪಟ್ಟಿಯಲ್ಲಿ ನೋಡಬಹುದು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ನೂಲಿನೆಳೆ ಹಿಡಿದು ಗಾಳಿಯಲ್ಲಿ ತೇಲುತ್ತದೆ, ಸುಳಿ ಹೊಕ್ಕ ಮೇಲೆ ಹೆಚ್ಚು ಅಲೆಯುವುದಿಲ್ಲ. ಪ್ರತಿ ಪಟ್ಟಿಯಲ್ಲಿ 5 ಕಡೆ 20 ಗಿಡ, ಒಟ್ಟು 100 ಗಿಡ ನೋಡಿ. ಹೊಸ ಎಲೆಯ ಮೇಲಿನ ಗಾಯವನ್ನು ಮಾತ್ರ ಎಣಿಸಿ, ಹಳೆಯ ತೂತು ಹುಳು ಸತ್ತ ಮೇಲೂ ಉಳಿದಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನೂ ಕುರುಡಾಗಿ ಪಾಲಿಸಬೇಕಿಲ್ಲ. ಹೊದಿಕೆ, ಅಂತರಬೆಳೆ, ಕಡಿಮೆ ಉಳುಮೆ ಮೂರನ್ನೂ ಒಟ್ಟಿಗೆ ಒಂದು ಪದ್ಧತಿ ಎಂದು ಹಿಡಿದು ಈಗಿನ ಪದ್ಧತಿಯ ಜೊತೆ ಹೋಲಿಸುವುದು ನ್ಯಾಯವಾದ ಪ್ರಯೋಗವೇ. ಗೆದ್ದರೆ ಪದ್ಧತಿ ಗೆದ್ದಿತು ಎನ್ನಬೇಕು, ಹೊದಿಕೆ ಗೆದ್ದಿತು ಎನ್ನಬಾರದು.

ಬೀಜಗೂಡು

ತಳಿಗಳ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಚಿಕ್ಕದಾಗಿ. ಹೆಚ್ಚು ತಳಿಗಳಿದ್ದು ಒಬ್ಬೊಬ್ಬರಿಗೂ ಜಾಗ ಕಡಿಮೆ ಇದ್ದರೆ ಪ್ರತಿಯೊಬ್ಬರಿಗೂ ಮೂರೇ ತಳಿ ಕೊಡಿ. ಯಾರಿಗೆ ಯಾವ ಮೂರು ಎಂಬುದು ಚೀಟಿ ಎತ್ತಿ ಆಗಲಿ, ಪೊಟ್ಟಣದ ಮೇಲೆ ಕ, ಖ, ಗ ಎಂದಷ್ಟೇ ಬರೆದಿರಲಿ. ಮೊಳಕೆ, ಬರ ತಡೆಯುವುದು, ಇಳುವರಿ, ರುಚಿ ಪ್ರತಿಯೊಂದರಲ್ಲೂ ಎಲ್ಲಕ್ಕಿಂತ ಒಳ್ಳೆಯದು ಯಾವುದು, ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಎಂದಷ್ಟೇ ರೈತರು ಹೇಳಬೇಕು. ಅಕ್ಷರ ಬಾರದವರೂ ಮಾಡಬಲ್ಲರು. ಎಲ್ಲರ ಉತ್ತರ ಸೇರಿಸಿದಾಗ ಎಲ್ಲ ತಳಿಗಳ ಶ್ರೇಣಿ ಸಿಗುತ್ತದೆ. ಇದಕ್ಕೆ ಟ್ರೈಕಾಟ್ ಎಂಬ ಹೆಸರಿದೆ. ಹತ್ತಾರು ರೈತರಿಲ್ಲದೆ ಇದು ಫಲ ಕೊಡದು, ಎಂಟು ಜನರ ಗುಂಪಿಗೆ ಜೋಡಿ ಪಟ್ಟಿಯೇ ಸೂಕ್ತ.

ಸಿರಿಯಾದಲ್ಲಿ 1990ರ ದಶಕದಲ್ಲಿ ತಳಿವಿಜ್ಞಾನಿ ಸಾಲ್ವತೋರೆ ಚೆಕ್ಕರೆಲ್ಲಿ ಅವರ ತಂಡ ಬಾರ್ಲಿಯ ಹಲವು ತಳಿಗಳನ್ನು ರೈತರ ಹೊಲದಲ್ಲೇ ಬೆಳೆಸಿ, ಆಯ್ಕೆಯನ್ನು ರೈತರಿಗೇ ಬಿಟ್ಟಿತು. ಅವರ ಆಯ್ಕೆ ತಳಿವಿಜ್ಞಾನಿಗಳ ಆಯ್ಕೆಗೆ ಇಳುವರಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಹುಲ್ಲಿನ ಎತ್ತರ, ಕೈಯಲ್ಲಿ ಕೀಳಲು ಬರುತ್ತದೆಯೇ ಎಂಬಂಥ ಗುಣಗಳು ಕೇಂದ್ರದ ಅಂಕಿಪಟ್ಟಿಗೆ ಬರುವುದೇ ಅಪರೂಪ.

ಹಸಿರುಬದು

ಎಲ್ಲರಿಗೂ ಧನ್ಯವಾದ. ಅಂಕಿಗಳು ಬಂದ ಮೇಲೆ "ಇದೆ" ಅಥವಾ "ಇಲ್ಲ" ಎಂದು ತೀರ್ಮಾನಿಸುವುದು ಹೇಗೆ? ಜೊತೆಗೆ, ಒಂದೇ ಹೊಲದಲ್ಲಿ ಆರು ಜೋಡಿ ಮಾಡುವುದೋ, ಎಂಟು ಹೊಲಗಳಲ್ಲಿ ಎರಡೆರಡು ಜೋಡಿ ಮಾಡುವುದೋ?

ನೇಗಿಲಗೆರೆ

ಮೊದಲು ಕ್ಯಾಲ್ಕುಲೇಟರ್ ಕೂಡ ಬೇಡದ ಲೆಕ್ಕ. ಗೊಬ್ಬರಕ್ಕೆ ಏನೂ ಪರಿಣಾಮವಿಲ್ಲದಿದ್ದರೆ ಪ್ರತಿ ಜೋಡಿಯೂ ನಾಣ್ಯ ಚಿಮ್ಮಿದ ಹಾಗೆ. ಆರಕ್ಕೆ ಆರೂ ಒಂದೇ ಕಡೆ ಗೆಲ್ಲುವ ಸಂಭವ 32ರಲ್ಲಿ 1. ನಾಲ್ಕೇ ಜೋಡಿ ಇದ್ದು ನಾಲ್ಕೂ ಗೆದ್ದರೆ ಸಂಭವ 8ರಲ್ಲಿ 1, ಅಂದರೆ ಅದೃಷ್ಟದಿಂದಲೂ ಆಗಬಹುದಾದದ್ದು.

ಇನ್ನಷ್ಟು ಸೂಕ್ಷ್ಮ ಲೆಕ್ಕಕ್ಕೆ ಉದಾಹರಣೆಗೆಂದೇ ಕಟ್ಟಿದ ಅಂಕಿಗಳು ಇಲ್ಲಿವೆ. ತೇವಾಂಶ ಸರಿಮಾಡಿದ ಮೇಲೆ ಪಟ್ಟಿಗೆ ಇಷ್ಟು ಕೆಜಿ, ಗೊಬ್ಬರ ಮತ್ತು ನೀರು: 42 ಮತ್ತು 39, 38 ಮತ್ತು 37, 45 ಮತ್ತು 40, 36 ಮತ್ತು 37, 41 ಮತ್ತು 39, 44 ಮತ್ತು 42. ವ್ಯತ್ಯಾಸಗಳು 3, 1, 5, −1, 2, 2. ಸರಾಸರಿ 2 ಕೆಜಿ. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ ವರ್ಗ ಮಾಡಿ ಕೂಡಿದರೆ 20. ಜೋಡಿಗಳ ಸಂಖ್ಯೆಯಲ್ಲಿ ಒಂದು ಕಳೆದು, 5ರಿಂದ ಭಾಗಿಸಿದರೆ 4, ವರ್ಗಮೂಲ 2. ಅದನ್ನು 6ರ ವರ್ಗಮೂಲ 2.45ರಿಂದ ಭಾಗಿಸಿದರೆ 0.82. ಸಂಖ್ಯಾಶಾಸ್ತ್ರದ ಟಿ-ಕೋಷ್ಟಕದಲ್ಲಿ (ನೂರಕ್ಕೆ 95 ಭರವಸೆಗೆ) ಆರು ಜೋಡಿಗೆ ಸಿಗುವ ಸಂಖ್ಯೆ 2.57. ಎರಡನ್ನೂ ಗುಣಿಸಿದರೆ 2.1. ಅಂದರೆ ನಿಜವಾದ ಲಾಭ 2 ಕೆಜಿಗೆ 2.1 ಹೆಚ್ಚು ಅಥವಾ ಕಡಿಮೆ: ಸೊನ್ನೆಗಿಂತ ಕೊಂಚ ಕೆಳಗಿನಿಂದ ಹಿಡಿದು 4.1 ಕೆಜಿವರೆಗೆ ಎಲ್ಲಾದರೂ ಇರಬಹುದು.

ಸರಾಸರಿ 39 ಕೆಜಿಗೆ 2 ಕೆಜಿ, ಐದು ಪರ್ಸೆಂಟ್, ಆರರಲ್ಲಿ ಐದು ಜೋಡಿ ಗೆಲುವು. ಕೇಳಲು ಚೆನ್ನಾಗಿದೆ, ಆದರೂ "ಲಾಭ ಇದೆ" ಎಂದು ಹೇಳಲು ಕೂದಲೆಳೆಯಷ್ಟು ಕಡಿಮೆ ಬಿತ್ತು. "ಲಾಭವಿಲ್ಲ" ಎನ್ನಲೂ ಆಗದು. ಇನ್ನೊಂದು ಹಂಗಾಮು ಮಾಡಬೇಕು ಎಂಬುದೇ ಇಲ್ಲಿ ಪ್ರಾಮಾಣಿಕ ಉತ್ತರ. ಎಷ್ಟು ಕೆಜಿ ಹೆಚ್ಚು ಬಂದರೆ ಈ ದುಡಿಮೆ ಸಾರ್ಥಕ ಎಂಬುದನ್ನು ಬಿತ್ತುವ ಮೊದಲೇ ಗುಂಪು ಕೂತು ಬರೆದಿಡಲಿ. ಗೊಬ್ಬರ ತಯಾರಿಸಲು, ಹೊರಲು, ಹಾಕಲು ಹಿಡಿದ ಗಂಟೆಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ದುಡಿಮೆಯ ಲೆಕ್ಕ ಬಿಟ್ಟುಹೋದ ವರದಿಗಳನ್ನು ನಂಬಿ ಶುರುಮಾಡಿದವರು ಎರಡನೇ ವರ್ಷವೇ ಕೈಬಿಡುತ್ತಾರೆ.

ಎಂಟು ಹೊಲದ ದಾರಿಯನ್ನೇ ಹಿಡಿಯಿರಿ. ಒಂದೇ ಹೊಲದ ಆರು ಜೋಡಿ ಆ ಹೊಲಕ್ಕೆ ಮಾತ್ರ ಉತ್ತರ ಕೊಡುತ್ತದೆ, ಎಂಟು ಹೊಲಗಳದ್ದು ಬೇರೆ ಬೇರೆ ಮಣ್ಣು, ಬೇರೆ ಬೇರೆ ಕೈಗಳ ಕೆಲಸಕ್ಕೂ ಅನ್ವಯಿಸುತ್ತದೆ. ಲೆಕ್ಕ ಮಾಡುವಾಗ ಮಾತ್ರ ಎಚ್ಚರ: ಒಂದು ಹೊಲದ ಎರಡು ಜೋಡಿಗಳ ಸರಾಸರಿ ತೆಗೆದು ಒಂದೇ ಅಂಕಿ ಮಾಡಿ. ಒಂದೇ ಹೊಲದ ಜೋಡಿಗಳಿಗೆ ಮಣ್ಣೂ ಒಂದೇ, ಮಳೆಯೂ ಒಂದೇ, ಆದ್ದರಿಂದ 16 ಸ್ವತಂತ್ರ ಸಾಕ್ಷಿಗಳು ಎಂದು ಎಣಿಸಿದರೆ ನಿಮಗಿಲ್ಲದ ನಿಖರತೆಯನ್ನು ಇದೆ ಎಂದಂತೆ. ನಿಮ್ಮ ಬಳಿ ಇರುವುದು ಎಂಟು ಅಂಕಿ, 7ರಿಂದ ಭಾಗಿಸಿ, ಕೋಷ್ಟಕದ ಸಂಖ್ಯೆ 2.36.

ದ್ರವಗೊಬ್ಬರವನ್ನು ಎಂಟು ಮನೆಯಲ್ಲಿ ಎಂಟು ರೀತಿ ಮಾಡದೆ, ಹುದುಗಿಸುವ ದಿನಗಳು, ನೆರಳು, ಕಲಕುವ ಸರದಿ ಎಲ್ಲ ಒಂದೇ ಇರುವಂತೆ ಒಪ್ಪಿಕೊಳ್ಳಿ. ಸಾಧ್ಯವಾದರೆ ಒಂದೇ ಕಡೆ ತಯಾರಿಸಿ ಹಂಚಿ. ಯಾವುದಾದರೂ ಹೊಲದಲ್ಲಿ ದನ ನುಗ್ಗಿ ಮೇಯ್ದರೆ ಯಾವ ದಿನ, ಯಾವ ಪಟ್ಟಿ ಎಂದು ಆ ದಿನವೇ ಬರೆದು, ಆ ಜೋಡಿಯನ್ನು ತೂಗುವ ಮೊದಲೇ ಬಿಡಬಹುದು. ಗೊಬ್ಬರ ಕೊಟ್ಟ ಪಟ್ಟಿಯೇ ಸೋತ ಹೊಲವನ್ನು ಮಾತ್ರ ಬಿಡುವಂತಿಲ್ಲ. ಅದರ ಮಣ್ಣಿನ ಆಳ, ಬಿತ್ತಿದ ದಿನ, ಗಿಡಗಳ ಸಂಖ್ಯೆ ಗೆದ್ದ ಹೊಲಗಳದ್ದರ ಜೊತೆ ಇಟ್ಟು ನೋಡಿ. ಮುಂದಿನ ಹಂಗಾಮಿಗೆ ಏನನ್ನು ಪರೀಕ್ಷಿಸಬೇಕು ಎಂಬುದು ಹೆಚ್ಚಾಗಿ ಆ ಹೊಲದಿಂದಲೇ ಗೊತ್ತಾಗುತ್ತದೆ.